ಬರೆದ ಎಮ್ಮೆಗೆ ನಾನು ಕಟ್ಟಿದ ಮದ್ದಲೆ

ನಮ್ಮದು ಭೀಮಾ ದಂಡೆಯಲ್ಲಿ ತೊಗಲುಗೊಂಬೆ ಆಡಿಸುವ ಮನೆ. ಆಟವಿಲ್ಲದಾಗ ಮೀನು ಹಿಡಿಯುತ್ತಿದ್ದೆವು. ಅಣ್ಣ ಗೊಂಬೆ ಕುಣಿಸಿದರೆ, ನಾನು ಪರದೆಯ ಹಿಂದೆ ಕೂತು ಮದ್ದಲೆ, ತಾಳ ಬಾರಿಸುತ್ತಿದ್ದೆ. ಹೆಣ್ಣುಮಗಳು ಬಾರಿಸುವುದು ಮುಂದೆ ಕೂತವರಿಗೆ ಕಾಣುತ್ತಿರಲಿಲ್ಲ. ಯಾರು ಬಾರಿಸಿದರು ಎಂದು ಅವರು ಕೇಳುತ್ತಲೂ ಇರಲಿಲ್ಲ.

ನಿಜಾಮನ ಆಳ್ವಿಕೆ ಹೋಗಿ ಹೊಸ ಸರ್ಕಾರ ಬಂದ ಕಾಲ. ಶಹಾಪುರಕ್ಕೆ ಸಿನಿಮಾ ತೋರಿಸುವ ವ್ಯಾನು ಬಂತು. ಅದರಲ್ಲೊಂದು ಕೈಯಿಂದ ಬರೆದ ಚಿತ್ರಗಳ ಸಿನಿಮಾ. ಎಮ್ಮೆಯೊಂದು ಕುಡಿಯುವ ನೀರಿನ ಬಾವಿಗೆ ಇಳಿಯಲು ಬರುತ್ತದೆ, ಕಪ್ಪೆಯೊಂದು ಅಡ್ಡ ನಿಲ್ಲುತ್ತದೆ. ಅದಕ್ಕೆ ದನಿ ಇರಲಿಲ್ಲ. ಜನ ಒಬ್ಬರೂ ನಗದೆ ಎದ್ದು ಹೋದರಂತೆ. ವ್ಯಾನಿನ ಸಾಹೇಬ ಅಣ್ಣನನ್ನು ಕರೆಸಿ, ಇದಕ್ಕೆ ಬಾರಿಸುವವರು ಬೇಕು, ಸರಿಹೋದರೆ ವ್ಯಾನಿನ ಜೊತೆ ಊರೂರಿಗೆ ಬರಬೇಕು ಎಂದ.

"ನಡಿ ತಂಗಿ, ನೀ ಬಾರಸು. ವ್ಯಾನಿನ್ಯಾಗ ಕುಂತು ಸುರಪುರ, ರಾಯಚೂರ ಎಲ್ಲಾ ನೋಡೀಯಂತ," ಅಂದ ಅಣ್ಣ. ನನಗೂ ಅದೇ ಬೇಕಿತ್ತು. ಮೀನು ಕೊಯ್ದು ಕೊಯ್ದು ಸಾಕಾಗಿತ್ತು.

ಹತ್ತಿ ಗೋದಾಮಿನ ಬಾಗಿಲು ಮುಚ್ಚಿ ಹಗಲಲ್ಲೇ ಕತ್ತಲೆ ಮಾಡಿದರು. ಅಣ್ಣ ನನ್ನನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟ. ರೂಢಿಯಂತೆ ಪರದೆಯ ಹಿಂದೆ ಕೂತೆವು. ಸಾಹೇಬ ಮುಂದೆ, ನಾನು ಬಂದದ್ದು ಅವನಿಗೆ ಕಾಣಲಿಲ್ಲ.

ಮೊದಲ ಸಲ ಎಲ್ಲ ಕೆಟ್ಟಿತು. ಗೊಂಬೆಯಾಟದಲ್ಲಿ ಅಣ್ಣನ ಮೊಣಕೈ ಎದ್ದ ಕೂಡಲೇ ನನ್ನ ಕೈ ಏಳುತ್ತಿತ್ತು. ಇಲ್ಲಿ ಯಾರ ಮೊಣಕೈಯೂ ಇಲ್ಲ. ಎಮ್ಮೆ ಕಾಲಿಟ್ಟ ಮೇಲೆ ನನ್ನ ಏಟು ಬೀಳುತ್ತಿತ್ತು. ಮತ್ತೆ ಮತ್ತೆ ನೋಡಿದೆ. ಕಾಲೆತ್ತುವ ಮೊದಲು ಎಮ್ಮೆಯ ಹೆಗಲು ಏಳುತ್ತಿತ್ತು. ಅದನ್ನು ಹಿಡಿದೆ. ಆಮೇಲೆ ಹೆಜ್ಜೆಹೆಜ್ಜೆಗೂ ಬಾರಿಸುವುದನ್ನು ಬಿಟ್ಟೆ. ಚಿತ್ರ ಹೇಳಿದ್ದನ್ನೇ ಮದ್ದಲೆಯೂ ಹೇಳಿದರೆ ಬೇಸರ. ಕಪ್ಪೆಗೆ ತಾಳದ ಅಂಚು ಮಾತ್ರ. ಎಮ್ಮೆ ಮೆಟ್ಟಿಲಲ್ಲಿ ಜಾರಿ ಗಾಳಿಯಲ್ಲಿ ನಿಲ್ಲುವಾಗ ಎಲ್ಲವನ್ನೂ ನಿಲ್ಲಿಸಿದೆ. ಸದ್ದೇ ಇಲ್ಲ. ಅದು ಕುಕ್ಕರಿಸಿದಾಗ ಮದ್ದಲೆಯ ಎಡಮುಖಕ್ಕೆ ಒಂದೇ ಏಟು. ಮುಂದೆ ಸಾಹೇಬ ಬಿದ್ದುಬಿದ್ದು ನಕ್ಕ.

"ಇನ್ನೊಮ್ಮಿ ಬಾರಸು ತಂಗಿ, ಭಾಳ ಚಂದ ಆಗ್ಯದ," ಎಂದು ಅಣ್ಣ ನನ್ನ ಬೆರಳನ್ನೇ ನೋಡುತ್ತಿದ್ದ. ಮೆಚ್ಚಿ ನೋಡುತ್ತಿದ್ದಾನೆ ಅಂದುಕೊಂಡೆ.

"ನಾಡಿದ್ದ ಹೊಂಡೂದೈತಿ. ಮನಿಗಿ ಹೋಗಿ ಅರಿಬಿ ಕಟಗೊಂಡ ಬಾ," ಅಂದ. ಹೇಳಿದ ದಿನ ಬಟ್ಟೆಯ ಗಂಟು ಕಟ್ಟಿಕೊಂಡು ಬಂದರೆ ಗೋದಾಮಿಗೆ ಬೀಗ. ಕಾವಲುಗಾರ ಬೀಡಿ ಸೇದುತ್ತ, "ನಿಮ್ಮಣ್ಣ ನಿನ್ನೇನ ಸಾಹೇಬನ ಮಗ್ಗಲಕ ಕುಂತು ಸುರಪುರಕ್ಕ ಹೋಗ್ಯಾನಲ್ಲವ್ವಾ," ಎಂದ.

ನಾನೂ ಬಸ್ಸು ಹತ್ತಿ ಸುರಪುರಕ್ಕೆ ಹೋದೆ. ಹೊತ್ತು ಮುಳುಗುತ್ತಲೇ ಸಿನಿಮಾ ಶುರುಮಾಡಿದರು. ಅಣ್ಣ ಹೊಸ ಅಂಗಿ ತೊಟ್ಟು ಮದ್ದಲೆ ಇಟ್ಟುಕೊಂಡು ಕೂತಿದ್ದ, ಪರದೆಯ ಹಿಂದಲ್ಲ, ಎಲ್ಲರಿಗೂ ಕಾಣುವಂತೆ ಮುಂದೆ. ನಾನು ಹೆಂಗಸರ ನಡುವೆ ಕೂತೆ. ಎಮ್ಮೆ ಜಾರಿತು. ಅವನು ಕೈ ನಿಲ್ಲಿಸಿದ. ಎಮ್ಮೆ ಕುಕ್ಕರಿಸಿತು. ಎಡಕ್ಕೆ ಒಂದೇ ಏಟು. ಜನ ಹೋ ಎಂದು ನಕ್ಕರು. ಒಂದು ಏಟಾದರೂ ತಪ್ಪಿದ್ದರೆ ನನಗೆ ಸಮಾಧಾನವಿರುತ್ತಿತ್ತು. ತಪ್ಪಲಿಲ್ಲ.

"ಎಷ್ಟ ಚಂದ ಬಾರಸ್ತಾನ! ಯಾವ ತಾಯಿ ಹಡದಾಳೋ," ಅಂದಳು ಪಕ್ಕದಾಕೆ.

"ನಮ್ಮವ್ವನೇ ಹಡದಾಳ," ಅಂದೆ. ಆಕೆ ನನ್ನನ್ನು ಮೇಲೆ ಕೆಳಗೆ ನೋಡಿ ದೂರ ಸರಿದಳು.

ಮುಗಿದ ಮೇಲೆ ಸಾಹೇಬನ ಹತ್ತಿರ ಹೋಗಿ, "ಇದ ಬಾರಸೂದು ನಾ ಕಟ್ಟಿದ್ದರಿ ಸಾಹೇಬ್ರ," ಎಂದೆ. ಸಾಹೇಬ ಅಣ್ಣನ ಕಡೆ ತಿರುಗಿ, "ಯಾರು ಈಕೆ?" ಎಂದು ಕೇಳಿದ.

ಅಣ್ಣ ಮದ್ದಲೆಗೆ ಬಟ್ಟೆ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ. "ನಮ್ಮೂರಾಕಿ ಸಾಬ್. ತಲಿ ಸ್ವಲ್ಪ ಸರಿ ಇಲ್ಲ."

ಸಾಹೇಬ ಪಾಪ ಎಂದು ಚಹಾ ತರಿಸಿದ. ಹಸಿದಿದ್ದೆ, ಕುಡಿದೆ. ಅಣ್ಣ ವ್ಯಾನು ಹತ್ತಿದ, ನಾನು ಬಸ್ಸು.

ನನ್ನ ಮದುವೆಗೆ ಅವನು ಬರಲಿಲ್ಲ. ಮುಂದೆ ವ್ಯಾನಿನ ಕೆಲಸ ನಿಂತ ಮೇಲೆ, ಪಂಚಮಿಗೆ ತವರಿಗೆ ಕರೆದುಕೊಂಡು ಹೋಗುತ್ತೇನೆಂದು ಗಂಡನ ಮನೆ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಸೀರೆ. "ನಿಮ್ಮಣ್ಣ ಬಂದಾನ ನೋಡವಾ," ಎಂದು ಅತ್ತೆ ಒಳಗೆ ಕೂಗಿದಳು.

ಹೊರಗೆ ಬಂದು ನೋಡಿದೆ. "ಅಣ್ಣ ಅಲ್ರಿ ಅತ್ತಿ," ಅಂದೆ. "ನಮ್ಮೂರಾಂವ. ನೀರ ಕೊಟ್ಟ ಕಳಸ್ರಿ."