ಕಂಪ್ಯೂಟರಿಗೆ ಹೂ ಕೇಳಿದ್ದು

ಆ ಸಂದೇಶ ಬಂದಾಗ ಲ್ಯಾಪ್‌ಟಾಪಿನ ಮುಂದೆ ಕೂತಿದ್ದವರು ನಮ್ಮ ಅತ್ತಿಗೆ. ಕುರ್ಚಿ ಸಮೇತ ಹಿಂದಕ್ಕೆ ಸರಿದು, "ಏ, ಬಾರೋ ಇಲ್ಲಿ! ನಾನೇನೂ ಮುಟ್ಟಿಲ್ಲ ಕಣೋ, ಅದಾಗದೇ ಬಂತು" ಅಂತ ಕೂಗಿಕೊಂಡರು. ನಾನು ಬಚ್ಚಲಿಂದ ತಲೆ ಒರೆಸಿಕೊಳ್ಳುತ್ತಾ ಓಡಿ ಬಂದೆ. ಪರದೆ ತುಂಬ ಬರೆದಿತ್ತು. ಈ ವಿಂಡೋಸಿಗೆ ಇನ್ನು ಮುಂದೆ ರಕ್ಷಣೆ ಇಲ್ಲ, ಹೊಸ ವಿಂಡೋಸಿಗೆ ಹೋಗಿ. ಅದರ ಕೆಳಗೇ ಇನ್ನೊಂದು ಸಾಲು: ಆದರೆ ನಿಮ್ಮ ಯಂತ್ರ ಹೊಸದಕ್ಕೆ ತಕ್ಕುದಲ್ಲ. ಮನೆ ಖಾಲಿ ಮಾಡು ಅಂತಲೂ ಹೇಳಿ, ನಿನಗೆ ಬೇರೆ ಮನೆ ಸಿಗಲ್ಲ ಅಂತಲೂ ಹೇಳಿದ ಹಾಗಿತ್ತು.

"ಏನಂತೆ?"

"ಏನಿಲ್ಲ ಅತ್ತಿಗೆ."

"ನಿನ್ನ ಮುಖ ನೋಡಿದ್ರೆ ಏನಿಲ್ಲ ಅನ್ನಂಗಿಲ್ವಲ್ಲಪ್ಪ."

ಆಗ ನಾನು ತುಮಕೂರಿನಲ್ಲಿ ಎಂ.ಸಿ.ಎ. ಓದುತ್ತಿದ್ದೆ. ಶಿರಾ ಗೇಟಿನ ಹತ್ತಿರ ಬಾಡಿಗೆ ಮನೆ. ಅಣ್ಣ, ಅತ್ತಿಗೆ, ನಾನು. ಅಣ್ಣನಿಗೆ ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಲ್ಯಾಪ್‌ಟಾಪ್ ತಂದದ್ದು ನನ್ನ ಓದಿಗೆ ಅಂತ. ಆದರೆ ನಾನು ಕಾಲೇಜಿಗೆ ಹೋದ ಮೇಲೆ ಅದು ಅತ್ತಿಗೆಯದು. ಅವರು ಮನೆಯಲ್ಲೇ ಕೂತು ಲಗ್ನಪತ್ರಿಕೆ, ಗೃಹಪ್ರವೇಶ, ನಾಮಕರಣದ ಕಾರ್ಡು ಮಾಡಿ ಪ್ರೆಸ್ಸಿಗೆ ಕೊಡುತ್ತಿದ್ದರು. ಕುಣಿಗಲ್ ತಾಲ್ಲೂಕಿನ ಅಮೃತೂರು ಕಡೆಯ ಹೆಣ್ಣುಮಗಳು. ಆ ಕಡೆಯ ನಂಟರಿಷ್ಟರೆಲ್ಲ ಮದುವೆ ಗೊತ್ತಾದ ತಕ್ಷಣ ಛತ್ರಕ್ಕಿಂತ ಮುಂಚೆ ಇವರಿಗೆ ಫೋನ್ ಮಾಡೋರು. "ನಮ್ಮ ದೊಡ್ಡ ಹುಡುಗಿಗೆ ಮಾಡ್ಕೊಟ್ಟಿದ್ದೆಯಲ್ಲವ್ವ, ಅದೇ ಥರ ಚಿಕ್ಕೋಳಿಗೂ ಮಾಡು" ಅನ್ನೋರು. ಅತ್ತಿಗೆ ದೊಡ್ಡವಳ ಕಾರ್ಡು ತೆಗೆದು, ವಧು-ವರರ ಹೆಸರು ಬದಲಾಯಿಸಿ, ಈ ಮಧ್ಯೆ ಮಾತು ಬಿಟ್ಟ ಮಾವಂದಿರನ್ನು ಕೆಳಗಿಳಿಸಿ, ಹೊಸದಾಗಿ ಒಂದಾದವರನ್ನು ಮೇಲಕ್ಕೇರಿಸಿ ಕೊಡುತ್ತಿದ್ದರು. ಹೀಗಾಗಿ ಆ ಹಳೆಯ ಕಾರ್ಡುಗಳೇ ಅವರ ಅಂಗಡಿ. ಅವು ಹೋದರೆ ಅಂಗಡಿಯೇ ಹೋದಂತೆ.

ಕಂಪ್ಯೂಟರ್ ಓದುತ್ತಿದ್ದವನು ಮನೆಯಲ್ಲಿ ನಾನೊಬ್ಬನೇ. ಅಣ್ಣ ಸಂದೇಶ ಓದಿ, "ನೀನೇ ಏನಾರ ಮಾಡಪ್ಪ, ಓದಿದೋನು" ಅಂದು ಶಿಫ್ಟಿಗೆ ಹೋದ. ಅತ್ತಿಗೆಯೂ ಅದನ್ನೇ ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಂಬಿಬಿಟ್ಟರಲ್ಲ, ಅದನ್ನೇ ತಡೆದುಕೊಳ್ಳಲಾಗಲಿಲ್ಲ.

ಕಾಲೇಜಿನಲ್ಲಿ ಒಬ್ಬ ಗೆಳೆಯನಿದ್ದ. ಅವನಿಗೆ ಎಲ್ಲದಕ್ಕೂ ಒಂದೇ ಮದ್ದು, ಲಿನಕ್ಸು. ಪುಕ್ಕಟೆ ಸಿಗುತ್ತೆ, ಹಳೇ ಯಂತ್ರದಲ್ಲೂ ಓಡುತ್ತೆ, ವೈರಸ್ ಕಾಟ ಕಡಿಮೆ. "ಏನ್ಲಾ, ಎಂ.ಸಿ.ಎ. ಓದ್ಕೊಂಡು ಫಾರ್ಮ್ಯಾಟ್ ಮಾಡಕ್ಕೆ ಹೆದರ್ತೀಯಲ್ಲೋ! ವಿಂಡೋಸ್ ಅಳಿಸು, ಲಿನಕ್ಸ್ ಹಾಕು, ಮರ್ತುಬುಡು."

"ನಮ್ಮತ್ತಿಗೆ ಕಾರ್ಡು?"

"ಪೆನ್‌ಡ್ರೈವಿಗೆ ಕಾಪಿ ಮಾಡ್ಕೊಳೋ."

"ಮಾಡ್ಕೊಂಡಿದೀನಿ. ಕಾಪಿ ಇದ್ರೆ ಸಾಲ್ದು ಕಣೋ, ಆಮೇಲೆ ಓದಕ್ಕೆ ಬರ್ಬೇಕು."

ಭಯದ ಬೇರು ಇದ್ದದ್ದು ಅಲ್ಲೇ. ಅತ್ತಿಗೆ ಟೈಪಿಂಗ್ ಕಲಿತದ್ದು ಹಳೆಯ ಕಾಲದ ಕನ್ನಡ ಫಾಂಟಿನಲ್ಲಿ. ಕಂಪ್ಯೂಟರಿನ ಒಳಗೆ ಅದು ಇಂಗ್ಲಿಷ್ ಅಕ್ಷರವೇ, ಮೇಲೆ ಮಾತ್ರ ಕನ್ನಡದ ವೇಷ ಕಟ್ಟಿಕೊಂಡಿರುತ್ತೆ. ವೇಷ ಕಟ್ಟಿಸಿ ಬರೆಸುವ ತಂತ್ರಾಂಶ ಕೆಲಸ ಮಾಡುವುದು ವಿಂಡೋಸಿನಲ್ಲಿ. ಅದನ್ನು ಬಿಟ್ಟು ಹೊರಟರೆ ಕಾರ್ಡುಗಳ ಗತಿ ಏನು ಅನ್ನುವುದು ಗೆಳೆಯನಿಗೂ ಗೊತ್ತಿಲ್ಲ. ಅವನು ಹುಟ್ಟಿದಾಗಿನಿಂದ ಕನ್ನಡದಲ್ಲಿ ಒಂದು ಸಾಲು ಟೈಪ್ ಮಾಡಿದವನಲ್ಲ.

ಹಾಗಂತ ಇದ್ದಲ್ಲೇ ಇರೋಣ ಅಂದರೆ ಪ್ರೆಸ್ಸಿನ ಪೆನ್‌ಡ್ರೈವು. ಪ್ರೆಸ್ಸಿನಲ್ಲಿ ಅದನ್ನು ಊರಿನವರ ಕಂಪ್ಯೂಟರಿಗೆಲ್ಲ ಚುಚ್ಚಿ ಚುಚ್ಚಿ, ಆಮೇಲೆ ನಮ್ಮನೆಗೆ ಕಳಿಸೋರು. ಹಿಂದೊಂದು ಸಲ ಅದರಿಂದ ವೈರಸ್ ಬಂದು, ಅತ್ತಿಗೆಯ ಫೋಲ್ಡರುಗಳೆಲ್ಲ ಬಾಣದ ಗುರುತು ಹೊತ್ತುಕೊಂಡು, ಒತ್ತಿದರೆ ತೆರೆಯದೆ ಕೂತಿದ್ದವು. ಆಗ ರಕ್ಷಣೆ ಇತ್ತು, ಹೇಗೋ ಬಿಡಿಸಿಕೊಂಡೆವು. ಇನ್ನು ಮೇಲೆ ಅದೂ ಇಲ್ಲ. ನಮ್ಮ ಹಿರಿಯರು ಅನ್ನುವ ಹಾಗೆ ಅತ್ತ ದರಿ, ಇತ್ತ ಪುಲಿ. ಎತ್ತ ಬಿದ್ದರೂ ಹೋಗುವುದು ಅತ್ತಿಗೆಯ ಅಂಗಡಿ.

ಆ ಭಾನುವಾರ ಗುಬ್ಬಿಗೆ ಅಜ್ಜಿಯ ಮನೆಗೆ ಹೋದೆ. ನನಗೆ ಮಾತು ಕಲಿಸಿದ್ದು ಆ ಅಜ್ಜಿ. ಮೊರದಲ್ಲಿ ರಾಗಿ ಕೇರುತ್ತಾ ಕೂತಿದ್ದವಳು ತಲೆಯೆತ್ತಿ ನೋಡಿದಳು.

"ಯಾಕ್ಲಾ, ಮೊಕ ಹಿಂಗ್ ಬತ್ತೋಗೈತೆ?"

"ಕಂಪ್ಯೂಟರ್‌ದು ಕಣಜ್ಜಿ. ಅದ್ರೊಳಗೆ ಎಲ್ಲಾನೂ ನಡೆಸೋದು ಅಂತ ಒಂದಿರುತ್ತೆ. ಅದನ್ನ ತೆಗೆದು ಬೇರೇದು ಹಾಕ್ಬೇಕಾ ಬ್ಯಾಡ್ವಾ ಅಂತ."

ಅಜ್ಜಿ ಮೊರ ನಿಲ್ಲಿಸಿದಳು. "ಅಂದ್ರೆ ಒಕ್ಕಲು ಬದ್ಲಾಯಿಸ್ದಂಗೆ ಅನ್ನು. ಇಷ್ಟು ದಿನ ಒಂದು ದೇವ್ರಿಗೆ ನಡ್ಕೊಂಡು ಈಗ ಇನ್ನೊಂದು ದೇವ್ರಿಗೆ."

"ಹೂಂ, ಹಂಗೇ."

"ಹಳೇ ದೇವ್ರು ಏನ್ ಮುನಿಸ್ಕೊಂಡೈತಾ?"

"ಇನ್ಮೇಲೆ ಕಾಯಲ್ಲ ಅಂತ ಹೇಳ್ಬುಟ್ಟೈತೆ."

"ಬಾಯ್ಬುಟ್ಟು ಹೇಳ್ತಾ!" ಅಜ್ಜಿ ಗಾಬರಿಯಾಗಿ ಸೆರಗು ಸರಿಮಾಡಿಕೊಂಡಳು. "ಇನ್ನೇನ್ಲಾ ಕೂತಿದೀಯ, ಏಳು. ಹೂ ಕೇಳನ."

ನಮ್ಮ ಕಡೆ ಹೆಣ್ಣು ತರುವುದಿರಲಿ, ಬೋರ್‌ವೆಲ್ ಕೊರೆಸುವುದಿರಲಿ, ಊರಮ್ಮನ ಅಪ್ಪಣೆ ಕೇಳದೆ ಯಾರೂ ಹೆಜ್ಜೆ ಇಡುವುದಿಲ್ಲ. ಪೂಜಾರಿ ಅಮ್ಮನ ಮೈಮೇಲೆ ಎರಡೂ ಕಡೆ ಒದ್ದೆ ಹೂ ಅಂಟಿಸಿ ಬೇಡಿಕೊಳ್ಳುತ್ತಾನೆ. ಬಲಗಡೆ ಹೂ ಬಿದ್ದರೆ ಆಗಲಿ ಅಂತ, ಎಡಗಡೆ ಬಿದ್ದರೆ ಬೇಡ ಅಂತ. ನಿಜ ಹೇಳಬೇಕೆಂದರೆ ನಾನು ದಾರಿಯುದ್ದಕ್ಕೂ ಎಡಗಡೆ ಹೂವನ್ನೇ ಬೇಡಿಕೊಂಡು ಹೋದೆ. ಅಮ್ಮನೇ ಬೇಡ ಅಂದುಬಿಟ್ಟರೆ ನನ್ನ ತಲೆ ಮೇಲಿನ ಭಾರ ಇಳಿಯಿತಲ್ಲ!

ಗುಡಿಯಲ್ಲಿ ಜನ ಇದ್ದರು. ಪೂಜಾರಿ ಬಗ್ಗಿ ಕೇಳಿದ: "ಏನಂತ ಕೇಳ್ಲಪ್ಪ?"

"ಲ್ಯಾಪ್‌ಟಾಪಲ್ಲಿ... ಈಗಿರೋದನ್ನ ತೆಗೆದು... ಬೇರೇದಕ್ಕೆ ಹೋಗ್ಬೋದಾ ಅಂತ."

ಹಿಂದೆ ನಿಂತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ, "ಏನಂತೆ?" ಅಂದಳು. "ಲ್ಯಾಪ್‌ಟಾಪಂತೆ." "ಅಯ್ಯೋ, ನಾನೆಲ್ಲೋ ಹೆಣ್ಣು ಬ್ಯಾಡ ಅಂತವ್ನೆ ಅನ್ಕಂಡೆ."

ಪೂಜಾರಿ ನಗಲಿಲ್ಲ. ಕೈಮುಗಿದು, "ತಾಯಿ, ಮಗ ಹೆದರ್ಕೊಂಡವ್ನೆ. ಇರೋದ್ ಬುಟ್ಟು ಬೇರೇದಕ್ಕೆ ಹೋಗ್ಬೋದು ಅನ್ನಂಗಿದ್ರೆ ಬಲಗಡೆ ಕೊಡು" ಅಂದ. ಅಷ್ಟು ಜನ ಗಂಟೆಗಟ್ಟಲೆ ಕಾದರೂ ಕೊಡದ ತಾಯಿ ನನಗೆ ಅವನ ಮಾತು ಮುಗಿಯುವಷ್ಟರಲ್ಲೇ ಕೊಟ್ಟುಬಿಟ್ಟಳು. ಬಲಗಡೆ.

ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡಳು. "ನೋಡಿದ್ಯಾ, ಕಣ್ಣು ಮಿಟುಕ್ಸಕ್ಕೆ ಬುಡ್ಲಿಲ್ಲ." ವಾಪಸು ಬರುವಾಗ ಅಜ್ಜಿ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದಳು: "ಕೇಳೋಗಂಟ ನಮ್ದು ಕಣ್ಲಾ. ಕೊಟ್ಟ ಮ್ಯಾಕೆ ನಡ್ಕಬೇಕು. ನಡ್ಕಳ್ದೆ ಇದ್ರೆ..." ಮಾತು ಅಲ್ಲಿಗೇ ಬಿಟ್ಟಳು. ಪೂರ್ತಿ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ.

ಅತ್ತಿಗೆಗೆ ಹೇಳಿದಾಗ ಅವರ ಮುಖ ಅರಳಿತು. "ಸರಿ ಬುಡು, ಅಮ್ಮನೇ ಕೊಟ್ಟವ್ಳೆ. ಹಾಕು." ಆದರೂ ನಾನು ಗೆಳೆಯ ಲಿನಕ್ಸ್ ತುಂಬಿಕೊಟ್ಟ ಪೆನ್‌ಡ್ರೈವು ತಂದು, ಮೊದಲು ಹಾಗೇ ನೋಡೋಣ ಅಂದೆ. ಲಿನಕ್ಸಿನಲ್ಲಿ ಅದೊಂದು ಅನುಕೂಲ. ಯಂತ್ರದಲ್ಲಿ ಏನೂ ಅಳಿಸದೆ, ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ಪರದೆ ಮೇಲೆ ಎರಡು ಗುಂಡಿ ಬಂದವು: ಬರೀ ನೋಡು, ಇಲ್ಲವೇ ಹಾಕಿಬಿಡು. ಎರಡೂ ಅಕ್ಕಪಕ್ಕ. "ಸರಿಯಾದ್ದು ಒತ್ತೋ ಮಾರಾಯ" ಅಂತ ಅತ್ತಿಗೆ ನನ್ನ ಮಣಿಕಟ್ಟು ಹಿಡಿದುಕೊಂಡರು. ನೋಡು ಅನ್ನುವುದನ್ನೇ ಒತ್ತಿದೆ.

ಅತ್ತಿಗೆಯ ಫೋಲ್ಡರಿನಲ್ಲಿ ಕುಣಿಗಲ್ಲಿನವರದೊಂದು ಲಗ್ನಪತ್ರಿಕೆ ಇತ್ತು. ಆ ವಾರವೇ ಪ್ರೆಸ್ಸಿಗೆ ಹೋಗಬೇಕಾದದ್ದು. ಅದನ್ನು ತೆರೆದೆ.

ಒಂದು ಅಕ್ಷರವೂ ಕನ್ನಡ ಇರಲಿಲ್ಲ. ಕೊಂಬು ಬಂದ ಇಂಗ್ಲಿಷ್ ಅಕ್ಷರ, ಟೋಪಿ ಹಾಕಿದ ಅಕ್ಷರ, ಮಧ್ಯೆ ಮಧ್ಯೆ ಪೌಂಡಿನ ಗುರುತು. ವಧುವಿನ ಹೆಸರು ಇರಬೇಕಾದ ಕಡೆ ಒಂದು ಸಾಲು ಮುಳ್ಳು. ಅತ್ತಿಗೆ ನನ್ನ ಕೈಯಿಂದ ಮೌಸ್ ತೆಗೆದುಕೊಂಡು ಇನ್ನೊಂದು ಕಾರ್ಡು ತೆರೆದರು, ಅದೂ ಹಾಗೇ. ಮತ್ತೊಂದು, ಅದೂ ಹಾಗೇ. ಪರದೆ ಮೇಲೆ ಬೆರಳಿಟ್ಟು ಎಲ್ಲಾದರೂ ಒಂದು ಗುರುತು ಸಿಗುತ್ತದೋ ಅಂತ ಸಾಲು ಸಾಲು ಹುಡುಕಿದರು.

"ನನ್ನ ಕೈಯಲ್ಲೇ ಬರ್ದಿದ್ದು" ಅಂದರು. "ಒಂದೂ ನಂಗೇ ಓದಕ್ಕೆ ಬರ್ತಿಲ್ವಲ್ಲೋ."

"ಅಳಿಸಿಲ್ಲ ಅತ್ತಿಗೆ, ಎಲ್ಲಾ ಹಂಗೇ ಇದೆ. ಬರೀ ನೋಡ್ತಿದೀವಿ ಅಷ್ಟೇ" ಅಂದೆ. ಹೇಳುತ್ತಿದ್ದಾಗಲೇ, ಎಲ್ಲಾದರೂ ಬೇರೆ ಗುಂಡಿ ಒತ್ತಿದೆನಾ ಅಂತ ನನಗೇ ಅನುಮಾನ ಶುರುವಾಯಿತು. ಪೆನ್‌ಡ್ರೈವ್ ಕಿತ್ತು ಯಂತ್ರ ಆರಿಸಿ ಮತ್ತೆ ಹಚ್ಚಿದೆ. ಹಳೆಯ ವಿಂಡೋಸು ಏಳುವುದಕ್ಕೆ ಯಾವತ್ತೂ ಹೊತ್ತು ಹಿಡಿಸುತ್ತಿತ್ತು. ಅವತ್ತು ಅದು ಏಳುವುದೇ ಇಲ್ಲ ಅನ್ನಿಸಿತು. ಕಪ್ಪು ಪರದೆಯಲ್ಲಿ ನಮ್ಮಿಬ್ಬರ ಮುಖ ಕಾಣುತ್ತಿದ್ದವು. ಕೊನೆಗೆ ಎದ್ದಿತು. ಕುಣಿಗಲ್ಲಿನ ಕಾರ್ಡು ತೆರೆದರೆ ಚಿ||ಸೌ|| ಅಂತ ಕನ್ನಡದಲ್ಲಿ ನಿಂತಿತ್ತು. ಅತ್ತಿಗೆ ಅಷ್ಟಕ್ಕೆ ಬಿಡಲಿಲ್ಲ. ಸಾಯಂಕಾಲದವರೆಗೂ ಒಂದೊಂದೇ ಕಾರ್ಡು ತೆರೆದು, ನೋಡಿ, ಮುಚ್ಚಿದರು. ಅನ್ನಕ್ಕಿಟ್ಟದ್ದು ಸೀದು ವಾಸನೆ ಬಂದರೂ ಇಬ್ಬರೂ ಏಳಲಿಲ್ಲ.

"ಅಜ್ಜಿಗೆ ಫೋನ್ ಮಾಡಿ ಆಗಲ್ಲ ಅಂತ ಹೇಳ್ಬುಡ್ತೀನಿ" ಅಂದೆ.

"ಏ, ಬಾಯ್ಮುಚ್ಚು! ಅಮ್ಮನ ಹತ್ರ ಕೇಳಿ ಇಸ್ಕೊಂಡು ಈಗ ಬ್ಯಾಡ ಅಂತೀಯಾ?" ಅವರಿಗೆ ಕಾರ್ಡಿನ ಭಯ ಒಂದು ಕಡೆ, ಅಮ್ಮನ ಭಯ ಇನ್ನೊಂದು ಕಡೆ. ಆಮೇಲೆ ವಕೀಲರ ಥರ ಕೇಳಿದರು: "ಪೂಜಾರಪ್ಪ ಏನಂತ ಕೇಳ್ದ, ಸರಿಯಾಗಿ ಹೇಳು."

"ಇರೋದ್ ಬುಟ್ಟು ಬೇರೇದಕ್ಕೆ ಹೋಗ್ಬೋದಾ ಅಂತ."

"ಯಾವಾಗ ಅಂತ ಕೇಳಿದ್ನಾ?"

"ಇಲ್ಲ."

"ಮತ್ತೆ! ಹೋಗ್ಬೋದು ಅಂದವ್ಳೆ, ಓಡ್ಹೋಗು ಅಂದಿಲ್ಲ. ಧನುರ್ಮಾಸ ಬರ್ಲಿ. ಮದುವೆ ಇರಲ್ಲ, ಕೆಲಸ ಕಮ್ಮಿ. ಅಷ್ಟ್ರೊಳಗೆ ಎಲ್ಲಾ ಕಾರ್ಡನ್ನೂ ಅಲ್ಲಿ ಓದಕ್ಕಾಗೋ ಅಕ್ಷರಕ್ಕೆ ತಿರುಗ್ಸನ. ಆಗುತ್ತಾ?"

ಆಗುತ್ತಿತ್ತು. ಹಳೆಯ ಅಕ್ಷರವನ್ನು ಈಗಿನ ಕನ್ನಡಕ್ಕೆ ತಿರುಗಿಸುವ ತಂತ್ರಾಂಶ ಇತ್ತು. ಆದರೆ ಅದು ಒತ್ತಕ್ಷರವನ್ನು ಎಲ್ಲಿಂದಲೋ ಕಿತ್ತು ಎಲ್ಲಿಗೋ ಅಂಟಿಸುತ್ತಿತ್ತು. ಲಗ್ನಪತ್ರಿಕೆಯಲ್ಲಿ ಒಂದು ಒತ್ತು ತಪ್ಪಿದರೆ ಸೋದರಮಾವ ಊಟಕ್ಕೆ ಕೂರುವುದಿಲ್ಲ. ಹಾಗಾಗಿ ದಿನಾ ಸಂಜೆ ಅತ್ತಿಗೆ ಹಳೆಯದನ್ನು ಗಟ್ಟಿಯಾಗಿ ಓದೋರು, ನಾನು ಹೊಸದರಲ್ಲಿ ತಿದ್ದುತ್ತಾ ಹೋಗುವವನು. ಓದುವಾಗ ಮಧ್ಯದಲ್ಲಿ ನಿಲ್ಲಿಸಿ, "ಈ ಹುಡುಗೀಗೆ ಈಗ ಅವಳಿ ಜವಳಿ ಕಣೋ" ಅಂತಲೋ, "ಈ ಯಪ್ಪ ಕಾರ್ಡು ಮೂರು ಸಲ ಬದ್ಲಾಯ್ಸಿ ಜೀವ ತಿಂದಿದ್ದ" ಅಂತಲೋ ಹೇಳೋರು. ಪ್ರೆಸ್ಸಿನ ಪೆನ್‌ಡ್ರೈವನ್ನು ಮನೆಯೊಳಗೇ ಬಿಟ್ಟುಕೊಳ್ಳಲಿಲ್ಲ. ಯಂತ್ರವನ್ನು ಇಂಟರ್‌ನೆಟ್ಟಿಗೂ ಹಾಕಲಿಲ್ಲ. ಆದರೂ ಪ್ರತಿ ಬೆಳಿಗ್ಗೆ ಯಂತ್ರ ಹಚ್ಚುವಾಗ, ಇವತ್ತು ಬಾಣದ ಗುರುತು ಬಂದಿರುತ್ತೆ ಅಂತ ಎದೆ ಹೊಡೆದುಕೊಳ್ಳುವುದು ತಪ್ಪಲಿಲ್ಲ.

ಧನುರ್ಮಾಸ ಬಂತು. ಅಣ್ಣ ಕೆಲಸಕ್ಕೆ ಹೋದ ಮೇಲೆ ಇಬ್ಬರೂ ಕೂತೆವು. ಅಜ್ಜಿ ಫೋನಿನಲ್ಲಿ ರಾಹುಕಾಲ ಕಳೆಯಲಿ ಅಂದಿದ್ದಳು, ಕಳೆಯಿತು. ಈ ಯಂತ್ರದಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ, ಅಂತ ಪರದೆ ಕೇಳಿತು. ನಾನು ಕೈ ತೊಡೆ ಮೇಲಿಟ್ಟುಕೊಂಡು ಕೂತೆ.

"ಒತ್ತು" ಅಂದರು ಅತ್ತಿಗೆ.

"ನೀವೇ ಒತ್ತಿ."

"ನಾನ್ ಒತ್ತಲ್ಲ ಕಣಪ್ಪ. ನಂದು ಕಾರ್ಡು, ನಿಂದು ಕೈ."

ಕಣ್ಣು ಮುಚ್ಚಿ ಒತ್ತಿದೆ. ಒಂದು ಗೆರೆ ಎಡದಿಂದ ಬಲಕ್ಕೆ ತೆವಳತೊಡಗಿತು. ಅರ್ಧಕ್ಕೆ ಬಂದು ನಿಂತಿತು. ನಿಂತೇ ಇತ್ತು. ಅತ್ತಿಗೆ ನೋಡಲಾರದೆ, ಇನ್ನೂ ಒಣಗದ ಬಟ್ಟೆ ಎತ್ತಿಕೊಂಡು ಬರುತ್ತೇನೆ ಅಂತ ಮಹಡಿಗೆ ಹೋದರು. ಪರದೆ ಒಮ್ಮೆ ಪೂರ್ತಿ ಕಪ್ಪಾಯಿತು. ಆ ಹೊತ್ತಿನಲ್ಲಿ ನಾನು ಅವರಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದೆ.

ಅವರು ಒದ್ದೆ ಬಟ್ಟೆ ತಬ್ಬಿಕೊಂಡು ಇಳಿದು ಬರುವಾಗ ಹೊಸ ಪರದೆ ಬೆಳಗಿತ್ತು. ನಾನಿನ್ನೂ ಏನನ್ನೂ ತೆರೆದಿರಲಿಲ್ಲ; ಒಬ್ಬನೇ ತೆರೆಯುವ ಧೈರ್ಯ ಬರಲಿಲ್ಲ. ಬಟ್ಟೆ ಕುರ್ಚಿ ಮೇಲೆ ಹಾಕಿ ಅವರು ಪಕ್ಕಕ್ಕೆ ನಿಂತರು. ತಿರುಗಿಸಿ ಪೆನ್‌ಡ್ರೈವಿನಲ್ಲಿಟ್ಟಿದ್ದ ಕಾರ್ಡುಗಳನ್ನು ಯಂತ್ರಕ್ಕೆ ತುಂಬಿ, ಮೊದಲನೆಯದನ್ನು ತೆರೆದೆ.

ಅಕ್ಷರ ನಿಂತಿದ್ದವು. ಒತ್ತು, ದೀರ್ಘ, ಕೊಂಬು, ಎಲ್ಲ ಅದರದರ ಜಾಗದಲ್ಲಿ. ಅತ್ತಿಗೆ ಬಾಯಲ್ಲೇ ಮಣಮಣ ಅಂತ ವಧುವಿನ ಹೆಸರಿಂದ ಹಿಡಿದು ಸುಖಾಗಮನ ಬಯಸುವವರ ತನಕ ಓದಿದರು. ಓದಿ ಮುಗಿಸಿ, ಮತ್ತೆ ಮೇಲಕ್ಕೆ ಹೋಗಿ, "ಅಯ್ಯೋ, ಗಣಪತಿ ಮೂಲೇಗೆ ಹೋಗವ್ನೆ" ಅಂದರು. ನಿಜ. ಕಾರ್ಡಿನ ನೆತ್ತಿ ಮೇಲೆ ನಟ್ಟನಡುವೆ ಇರಬೇಕಾದ ಗಣಪತಿ ಎಡಗಡೆ ತುದಿಗೆ ಸರಿದು ಕೂತಿದ್ದ.

ಸರಿಮಾಡೋಣ ಅಂತ ಮೌಸಿಗೆ ಕೈ ಹಾಕಿದೆ. ಗಣಪತಿ ಮೇಲಕ್ಕೆ ಹೋಗುವವನು, ಕೆಳಕ್ಕೆ ಬರುವವನು, ನಡುವೆ ನಿಲ್ಲುವವನಲ್ಲ.

"ಬುಡಪ್ಪ ನೀನು" ಅಂತ ಅತ್ತಿಗೆ ನನ್ನ ಕೈ ಸರಿಸಿ, ಸೆರಗಿಗೆ ಬೆರಳು ಒರೆಸಿಕೊಂಡು, ಅವನನ್ನು ಮೆಲ್ಲಗೆ ಎಳೆದು ತಂದು ನಡುವೆ ಕೂರಿಸಿದರು. ಆಮೇಲೆ ಕುರ್ಚಿಯ ಬಟ್ಟೆ ನೆಲಕ್ಕೆ ಹಾಕಿ, ಅಲ್ಲೇ ಕೂತು, ಮುಂದಿನ ಕಾರ್ಡು ತೆರೆದರು.