ಮುಳುಗಿದ ದ್ವೀಪದ ಮೇಲೊಂದು ಸಭೆ

ಎಪ್ಪತ್ತರ ದಶಕದ ಮಾತು. ಕಾಶಿಯಲ್ಲಿ ರಾಮನಗರದ ಕಡೆ ಗಂಗೆಯ ನಡುವೆ ಒಂದು ಮರಳ ದ್ವೀಪವಿತ್ತು. ಮಳೆಗಾಲದಲ್ಲಿ ಮುಳುಗಿ, ನೀರಿಳಿದ ಮೇಲೆ ಏಳುತ್ತಿತ್ತು. ಆಗ ದೋಣಿ ನಡೆಸುವ ಮಲ್ಲಾಹರು ಅಲ್ಲಿ ಗುಡಿಸಲು ಹಾಕಿ ಕರಬೂಜ ಬೆಳೆಯುತ್ತಿದ್ದರು. ಆಮೆಗಳು ಬಂದು ಮೊಟ್ಟೆಯಿಡುತ್ತಿದ್ದವು. ಅದರ ಮೇಲೆ ದೊಡ್ಡ ಹೋಟೆಲು ಕಟ್ಟಲು ಯಾರಿಗೋ ಮನಸ್ಸಾಯಿತು.

ಜನರ ಅಹವಾಲನ್ನು ಸ್ಥಳದಲ್ಲೇ ಕೇಳಬೇಕೆಂಬುದು ನಿಯಮ. ಅಹವಾಲು ಕೇಳಬೇಕಾದ ಸರ್ಕಾರಿ ಸಾಹೇಬರು ಬಂದದ್ದು ಶ್ರಾವಣದಲ್ಲಿ, ಸ್ಥಳ ನೀರಿನಡಿ ಇದ್ದಾಗ. "ನಿಯಮ ಅಂದರೆ ನಿಯಮ" ಎಂದು ಅವರು ದೋಣಿ ಹತ್ತಿದರು. ಇಂಗ್ಲಿಷಿನಲ್ಲಿ ನಡಾವಳಿ ಬರೆಯಬಲ್ಲವರು ನಮ್ಮ ಇಡೀ ಶಿವಾಲ ಘಾಟಿನ ಕೇರಿಯಲ್ಲಿ ನಾನೊಬ್ಬಳೇ. ಹಾಗಾಗಿ ಮಲ್ಲಾಹರು ನನ್ನನ್ನೂ ಹತ್ತಿಸಿಕೊಂಡರು.

ಹುಟ್ಟು ಹಾಕುತ್ತಿದ್ದ ಫೂಲ್‌ಮತಿ ನಡುನೀರಿನಲ್ಲಿ ದೋಣಿ ನಿಲ್ಲಿಸಿ, "ಸಾಹೇಬ್, ನನ್ನ ಹೊಲ ನಿಮ್ಮ ಕಾಲ ಕೆಳಗೇ ಇದೆ. ತುಳಿದೀರಿ, ಜೋಪಾನ" ಎಂದಳು.

ಸಾಹೇಬರು ಗಂಟಲು ಸರಿಮಾಡಿಕೊಂಡು, "ಹೋಟೆಲು ಬೇಡ ಅನ್ನುವವರು ಎದ್ದು ನಿಲ್ಲಿ" ಎಂದರು.

ಎಲ್ಲರೂ ಒಟ್ಟಿಗೆ ಎದ್ದರು. ನಾನೂ ಎದ್ದೆ. ದೋಣಿ ಒಂದು ಪಕ್ಕಕ್ಕೆ ವಾಲಿತು.

"ಅಯ್ಯೋ, ಕೂತ್ಕೊಳ್ಳಿ! ನನಗೆ ಈಜು ಬರೋಲ್ಲ!" ಎಂದು ಕೂಗುತ್ತ ಸಾಹೇಬರು ದಡಕ್ಕನೆದ್ದು ನನ್ನ ಹೆಗಲು ಹಿಡಿದುಕೊಂಡರು.

"ಅಮ್ಮಾಜಿ, ಸಾಹೇಬರೂ ಎದ್ದರು, ಬರಕೊಳ್ಳಿ!" ಎಂದಳು ಫೂಲ್‌ಮತಿ.

ಕೂತ ಮೇಲೆ ನಾನು 'ವಿರೋಧ ಸರ್ವಾನುಮತ' ಎಂದು ಬರೆದೆ. ದಡ ಸೇರುವ ಆತುರದಲ್ಲಿ ಸಾಹೇಬರು ಓದದೆಯೇ ಸಹಿ ಹಾಕಿದರು.

ಹೋಟೆಲು ಬರಲಿಲ್ಲ. ಅದಕ್ಕೆ ನನ್ನ ನಡಾವಳಿಯೇ ಕಾರಣ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುವುದಿಲ್ಲ. ಮನೆಗೆ ಬಂದವರಿಗೆ ಮಾತ್ರ ಹೇಳುತ್ತೇನೆ.