ಹೂವಿನ ಮೊಳದಲ್ಲಿ ಅಳೆದ ಹುಲಿ

ಕನಕಪುರದ ಬಸ್ ಸ್ಟ್ಯಾಂಡಲ್ಲಿ ನಲವತ್ತು ವರ್ಷದಿಂದ ಹೂವು ಮಾರ್ತೀನಿ. ಮೊಳ ಅಂದರೆ ಮೊಣಕೈಯಿಂದ ನಡುಬೆರಳ ತುದಿವರೆಗೆ. ನನ್ನ ಮೊಳ ಅಷ್ಟಿಲ್ಲ. ಮೊಣಕೈಗಿಂತ ನಾಕು ಬೆರಳು ಕೆಳಗೆ ಶುರು ಮಾಡ್ತೀನಿ, ಬೆರಳು ಮಡಚ್ಕಂಡು ಮುಗಿಸ್ತೀನಿ. ಕೊಳ್ಳೋರಿಗೂ ಗೊತ್ತು, ಬೈಕಂಡೇ ಮುಡೀತಾರೆ. ನನಗೇನು ನಾಚಿಕೆಯಿಲ್ಲ.

ಹೋದ ಸಲ ರಾಗಿ ತೆನೆ ಬಲಿಯೋ ಹೊತ್ತಲ್ಲಿ ನನ್ನ ಮೈದುನನ ಕರು ಕಾಣೆಯಾಯ್ತು. ನಮ್ಮೂರು ಕಾಡಂಚಲ್ಲೈತೆ. ಬೆಳಿಗ್ಗೆ ಹುಲ್ಲು ಕುಯ್ಯಕ್ಕೆ ಹೋದೋಳು ಕರುವಿನ ತಲೆ ಮಾತ್ರ ಕಂಡೆ. ಪಕ್ಕದ ರಾಗಿ ಹೊಲದಲ್ಲಿ ತಿಂದು ಮಲಗಿದ ಗುರುತು. ತಲೆ ಇಟ್ಟ ಜಾಗ, ತಿಕ ಊರಿದ ಜಾಗ ಎರಡೂ ಅಚ್ಚು ಒತ್ತಿದಂಗಿತ್ತು. ಕೂತು ಕೈಯಲ್ಲಿ ಅಳೆದೆ. ಬಾಲ ಬಿಟ್ಟು ನಾಕು ಮೊಳ. ಅವತ್ತು ಮೊಣಕೈ ನೆಲಕ್ಕೂರಿ ಬೆರಳು ಪೂರ್ತಿ ಚಾಚಿದ್ದೆ. ಹೆದರಿಕೆಗೆ ಕಳ್ಳ ಅಳತೆ ಮರೆತೇ ಹೋಗಿತ್ತು.

ಮಧ್ಯಾಹ್ನ ಮಳೆ ಹುಯ್ದು ಗುರುತೆಲ್ಲ ಅಳಿಸಿಬಿಡ್ತು. ಮಾರನೇ ದಿನ ಕಾಡಿನ ವಾಚರ್ ಬಂದ.

"ಹುಲಿಯಾದ್ರೆ ದೊಡ್ಡ ಬೋನು ತರಿಸ್ಬೇಕು, ಎಂಟು ದಿನ ಆಯ್ತದೆ. ಚಿರತೆ ಬೋನು ಪಕ್ಕದೂರಲ್ಲೇ ಐತೆ. ಎಷ್ಟುದ್ದ ಇತ್ತಮ್ಮ?"

"ನಾಕು ಮೊಳ," ಅಂದೆ.

ಮೈದುನನ ಕೊಟ್ಟಿಗೆ ಕಾಡಿಗೆ ಅಂಟಿಕೊಂಡೇ ಐತೆ. ಇನ್ನೆರಡು ಹಸ ಅದರಲ್ಲಿದ್ವು. ಎಂಟು ದಿನ ಕಾಯಕ್ಕೆ ಅವನು ತಯಾರಿರಲಿಲ್ಲ. "ಯಾರ ಮೊಳ ಅತ್ಗೆ, ನಿಂದಾ?" ಅಂತ ನಕ್ಕು, ತನ್ನ ಬಲಗೈ ನನ್ನ ಕೈ ಪಕ್ಕಕ್ಕೆ ಹಿಡಿದ. "ನೋಡಿ ಸಾ, ಇದು ಮೊಳ. ನಮ್ಮತ್ಗೆ ಮಾರೋದು ಇಷ್ಟೇ. ಅವಳ ನಾಕು ಅಂದ್ರೆ ನಮ್ಮ ಮೂರು. ಚಿರತೇನೇ ಸಾ."

ಸುತ್ತ ನಿಂತೋರಲ್ಲಿ ಒಬ್ಬ, "ಅವಮ್ಮನ ಹಾರ ಹಾಕಿದ್ರೆ ಹೆಣಕ್ಕೂ ಕತ್ತು ಬಿಗೀತದೆ" ಅಂದ. ಎಲ್ಲರೂ ಹಲ್ಲು ಕಿಸಿದ್ರು.

"ಹೊಲದಲ್ಲಿ ಪೂರ್ತಿ ಚಾಚಿದ್ದೆ ಕಣೋ," ಅಂದೆ ಮೈದುನಂಗೆ.

"ನಲವತ್ತು ವರ್ಷ ಜನಕ್ಕೆ ಚಾಚದೋಳು ಮೃಗಕ್ಕೆ ಚಾಚಿದ್ಯಾ?"

ಚಿರತೆ ಬೋನು ಬಂತು. ಒಳಗಡೆ ಜಾಲರಿ ಹಿಂದೆ ನಮ್ಮ ನಾಯೀನ ಕಟ್ಟಿದ್ರು.

ಮೂರನೇ ದಿನ ಬೆಳಕು ಹರಿಯೋ ಹೊತ್ತಿಗೆ ಅರಚಾಟ ಕೇಳ್ತು. ಹೋದೆವು. ಹುಲಿ. ಮುಂಭಾಗ ಒಳಗೆ, ಹಿಂಭಾಗ ಆಚೆ, ಕಬ್ಬಿಣದ ಬಾಗಿಲು ಸೊಂಟದ ಮೇಲೆ ಬಿದ್ದು ಬೆನ್ನು ಮುರಿದಿತ್ತು. ಹಿಂಗಾಲು ಎಳೆದಾಕಿದ ಚೀಲದಂಗೆ ಬಿದ್ದಿದ್ವು. ಜನ ಮೊಬೈಲ್ ಹಿಡಿದು ಮುಗಿಬಿದ್ರು. ಒಸಿ ಹೊತ್ತಿಗೆ ಅದು ಸುಮ್ಮನಾಯ್ತು. ಮೈದುನ "ಸತ್ತೈತೆ ಬುಡ್ರೋ" ಅಂತ ಕಂಬಿ ಸಂದಿಯಿಂದ ಕೋಲು ತೂರಿಸಿ ಮೂತಿಗೆ ತಿವಿದ. ಅದು ಕೋಲು ಬಿಟ್ಟು ಕೈ ಹಿಡೀತು. ಬಲಗೈ. ಹಿಡಿದಂಗೇ ಸತ್ತೋಯ್ತು. ಹಲ್ಲು ಬಿಡಿಸಕ್ಕೆ ಹಾರೆ ಹಾಕಬೇಕಾಯ್ತು.

ಹುಲೀನ ಟಾರ್ಪಾಲು ಮುಚ್ಚಿ ಗಾಡೀಲಿ ಸಾಗಿಸಿಬಿಟ್ರು. ನಮ್ಮೆದುರಿಗೆ ಯಾರೂ ಟೇಪು ಹಿಡೀಲಿಲ್ಲ. ಈಗ ಊರಲ್ಲಿ ಮೊಬೈಲ್ ಫೋಟೋ ನೋಡಿ ಒಬ್ಬ ಹತ್ತಡಿ ಅಂತಾನೆ, ಇನ್ನೊಬ್ಬ ಹದಿಮೂರು ಅಂತಾನೆ. ನಾಕು ಮೊಳ ಅಂತ ಯಾರೂ ಅನ್ನಲ್ಲ. ನಾಯಿ ಬದುಕೈತೆ, ಬೊಗಳಲ್ಲ ಅಷ್ಟೇ.

ಆಸ್ಪತ್ರೇಲಿ ಮೈದುನನ ಕೈ ಮೊಣಕೈ ಮೇಲಕ್ಕೆ ಕತ್ತರಿಸಿದ್ರು. ನೋಡಕ್ಕೆ ಹೋದೆ.

"ಅತ್ಗೆ, ದಿಟವಾಗ್ಲೂ ಪೂರ್ತಿ ಚಾಚಿದ್ದಾ?"

"ಹೂಂ."

"ಐದು ಅಂದಿದ್ರೆ ಏನಾಗ್ತಿತ್ತು ನಿಂಗೆ?"

ಬೆರಳಲ್ಲಿ ಲೆಕ್ಕ ಹಾಕಿದೆ, ಐದೂ ಸಾಲ್ತಿರಲಿಲ್ಲ. ಐದೂವರೆ ಅಂದಿದ್ರೆ, ಅವನು ಕಳೆದು ನಾಕಕ್ಕೇ ತರ್ತಿದ್ದ, ದೊಡ್ಡ ಬೋನು ಬರ್ತಿತ್ತು. ಆಯಸ್ಸೆಲ್ಲ ಸುಳ್ಳು ಅಳೆದೋಳಿಗೆ ಅವತ್ತೊಂದು ದಿನ ಸುಳ್ಳು ಹೊಳೀಲಿಲ್ಲ.

ಅವನು ಗೋಡೆ ಕಡೆ ತಿರುಗಿ ಮಲಗಿದ. ಬಾಳೆಹಣ್ಣು ಇಟ್ಟು ಬಸ್ ಸ್ಟ್ಯಾಂಡಿಗೆ ಹೋದೆ. ಸಂಜೆ ಕನಕಾಂಬರ ಕಟ್ಟಿ ಅಳೆದೆ, ಬೆರಳು ಮಡಚೇ.